ಕಥೆ ಕೇಳುವ ಮುನ್ನ: ಗಾರ್ಮೆಂಟ್ಸ್ ಕೆಲಸಗಾರ್ತಿಯೊಬ್ಬಳ ಆಪ್ತಸಮಾಲೋಚನೆ, ಒಂದು ಪ್ರಕರಣ ಅಧ್ಯಯನ

ಇದು ಯಾವ ಒಬ್ಬ ವ್ಯಕ್ತಿಯ ದಾಖಲೆಯೂ ಅಲ್ಲ. ಮೈಸೂರು, ಮಂಡ್ಯ ಸೀಮೆಯಲ್ಲಿ ಈ ಬಗೆಯ ಕೆಲಸ ಮಾಡುವಾಗ ಎದುರಾಗುವ ಸಂಗತಿಗಳನ್ನು ಒಂದೇ ಪ್ರಕರಣವಾಗಿ ಜೋಡಿಸಲಾಗಿದೆ. ಅಂಕ, ವಯಸ್ಸು, ಊರುಗಳು ಉದಾಹರಣೆಗಾಗಿ ಇಟ್ಟವು. ಹೆಸರಿಲ್ಲದೆ ‘ಆಕೆ’ ಎಂದಷ್ಟೇ ಬರೆದಿದೆ.

ಆಕೆಗೆ 26 ವರ್ಷ. ಯಾದಗಿರಿ ಜಿಲ್ಲೆಯ ಹಳ್ಳಿಯವಳು. ಮದ್ದೂರು ಕಡೆಯ ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ ಚೆಕಿಂಗ್ ಕೆಲಸ. ಹೊಲಿದು ಬಂದ ಪೀಸ್‌ನಲ್ಲಿ ಬಿಟ್ಟ ಹೊಲಿಗೆ, ಎಳೆದ ದಾರ, ಅಳತೆಯ ತಪ್ಪು ಹಿಡಿಯುವುದರಲ್ಲಿ ಇಡೀ ಲೈನ್‌ಗೆ ಆಕೆಯೇ ಮುಂದು. ಒಂದು ಮಧ್ಯಾಹ್ನ ಟಾರ್ಗೆಟ್ ಏರಿಸಿ, ಆಕೆಯ ಮೇಜನ್ನು ಲೈನಿನ ಕೊನೆಯಿಂದ ನಡುವಿಗೆ ಎಳೆದು ಹಾಕಿದರು. ಅರ್ಧ ಗಂಟೆಯ ನಂತರ ಸೂಪರ್‌ವೈಸರ್ ಹಿಂದಿನಿಂದ ಬಂದು ಭುಜ ಹಿಡಿದು ಅಲುಗಿಸಿದರು. ಆಕೆ ಓಡಿಹೋಗಿ ಶೌಚಾಲಯದಲ್ಲಿ ಮುಕ್ಕಾಲು ಗಂಟೆ ಕುಳಿತಳು. ಮರುದಿನದವರೆಗೆ ಮಾತೇ ಹೊರಡಲಿಲ್ಲ. ಕಾರ್ಖಾನೆಯ ಕ್ಷೇಮಾಧಿಕಾರಿ ಬರೆದು ಕಳಿಸಿದ ಚೀಟಿಯಲ್ಲಿ ಇದ್ದದ್ದು ಎರಡೇ ಮಾತು: ‘ಸಹಕರಿಸುವುದಿಲ್ಲ, ಕಣ್ಣು ಕೊಟ್ಟು ಮಾತಾಡುವುದಿಲ್ಲ.’

ಇಂಥ ಚೀಟಿಯನ್ನು ನಂಬಿ ಕೆಲಸ ಶುರು ಮಾಡಿದರೆ ದಾರಿ ತಪ್ಪುವುದು ಖಚಿತ. ಆಕೆಯಲ್ಲಿ ಮೂರು ಎಳೆಗಳು ಹೆಣೆದುಕೊಂಡಿದ್ದವು. ಹೆಣ್ಣನ್ನು ಪ್ರೀತಿಸುವವಳು, ಊರು ಬಿಟ್ಟು ಬಂದವಳು, ಯಾರೂ ಗುರುತಿಸದೇ ಹೋದ ಆಟಿಸಂ (ಸದ್ದು, ಬೆಳಕು, ಜನರ ಮಾತನ್ನು ಮಿದುಳು ಹುಟ್ಟಿನಿಂದಲೇ ಬೇರೆ ರೀತಿಯಲ್ಲಿ ಗ್ರಹಿಸುವ ಸ್ಥಿತಿ) ಇರುವವಳು. ಇವುಗಳಲ್ಲಿ ಯಾವುದೂ ಗಾಯವಲ್ಲ. ಗಾಯವಾದದ್ದು ಇವುಗಳಿಗಾಗಿ ಆಕೆಗೆ ಜನ ಮಾಡಿದ್ದರಿಂದ.

ಮುರಿದುಹೋದ ಮೊದಲ ಭೇಟಿ

ಮೊದಲ ಭೇಟಿ ಮೈಸೂರಿನಲ್ಲಿ, ಒಂದು ಶುಕ್ರವಾರ ಬೆಳಗ್ಗೆ. ಹನ್ನೆರಡು ನಿಮಿಷಕ್ಕೆ ಮುಗಿದುಹೋಯಿತು. ಕಾಯುವ ಜಾಗದಲ್ಲಿ ಪೂಜೆ ಮುಗಿಸಿ ಊದಿನಕಡ್ಡಿ ಹಚ್ಚಿಟ್ಟಿದ್ದರು. ಒಳಗೆ ಟ್ಯೂಬ್‌ಲೈಟ್ ಮಿಟುಕುತ್ತಿತ್ತು. ಕುರ್ಚಿಗಳು ಎದುರುಬದುರು, ಆಕೆಯ ಬೆನ್ನು ಬಾಗಿಲಿಗೆ. ‘ಏನಾಯ್ತು ಹೇಳಮ್ಮ, ಇದು ನಿಮ್ಮನೆ ಅನ್ಕೊಳ್ಳಿ’ ಎಂಬ ಮಾತಿನಿಂದ ಸಂಭಾಷಣೆ ಶುರುವಾಯಿತು.

ಆ ಮಾತಿನಲ್ಲಿ ಅಕ್ಕರೆಯೇ ಇತ್ತು, ಆದರೆ ಆಕೆಯ ಪಾಲಿಗೆ ಮನೆಯೆಂದರೆ ಕೂಡಿಹಾಕಿದ ಜಾಗ. 22ನೇ ವಯಸ್ಸಿನಲ್ಲಿ ಅಣ್ಣ ಫೋನ್ ನೋಡಿದ ಮೇಲೆ ಆಕೆಯನ್ನು ವಾರಗಟ್ಟಲೆ ಕೋಣೆಯಲ್ಲಿ ಕೂಡಿಹಾಕಿದ್ದರು. ದೇವರು ಹೇಳುವವನೊಬ್ಬನ ಬಳಿ ಕರೆದೊಯ್ದು, ಲೋಬಾನದ ಹೊಗೆಯಲ್ಲಿ ಕೂರಿಸಿ, ಬೇವಿನ ಬರಲಿನಿಂದ ಹೊಡೆಸಿದ್ದರು. ಸೋದರಮಾವನ ಜೊತೆ ನಿಶ್ಚಿತಾರ್ಥವನ್ನೂ ಮಾಡಿದ್ದರು. ಊರು ಬಿಟ್ಟು ಬಂದ ಮೇಲೆ ನಾಪತ್ತೆ ದೂರು, ಠಾಣೆಯಲ್ಲಿ ಹೇಳಿಕೆ. ನಡುವೆ ಬೇರೊಂದು ಊರಿನಲ್ಲಿ ಒಬ್ಬ ಸಲಹೆಗಾರರು ‘ಮದುವೆಯಾದರೆ ಎಲ್ಲ ಸರಿಹೋಗುತ್ತದೆ’ ಎಂದಿದ್ದರು. ಹೊಗೆಯ ವಾಸನೆ, ಬೆನ್ನ ಹಿಂದಿನ ಬಾಗಿಲು, ‘ಅಮ್ಮ’ ಎಂಬ ಸಂಬೋಧನೆ, ಎಲ್ಲ ಒಟ್ಟಿಗೆ ಆಕೆಯನ್ನು ಹಿಂದಕ್ಕೆ ಎಳೆದವು. ಇದಾವುದೂ ಆಗ ಗೊತ್ತಿರಲಿಲ್ಲ. ಬಹಳ ದಿನಗಳ ಮೇಲೆ ಆಕೆಯೇ ಬರೆದು ತಿಳಿಸಿದ್ದು. ಎಲ್ಲವನ್ನೂ ಮೊದಲೇ ತಿಳಿದುಕೊಂಡು ಕೋಣೆ ಸಿದ್ಧಮಾಡಲು ಸಾಧ್ಯವಿಲ್ಲ. ಅದಕ್ಕೇ, ಯಾರೇ ಬಂದರೂ ಆಘಾತ (ಹಿಂದೆ ಮನಸ್ಸಿಗೆ ಬಿದ್ದ ಆಳವಾದ ಪೆಟ್ಟು) ಇದ್ದಿರಬಹುದು ಎಂದುಕೊಂಡೇ ಕೋಣೆ ಇಡಬೇಕು.

ಎರಡನೇ ಭೇಟಿಗೆ ಬದಲಾದದ್ದು ಇಷ್ಟು. ದಿನ ಭಾನುವಾರ, ವಾರದ ರಜೆ, ಕಟ್ಟಡ ಖಾಲಿ. ಮದ್ದೂರಿನಿಂದ ಮೈಸೂರಿಗೆ ಸುಮಾರು 60 ಕಿ.ಮೀ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇರುವುದರಿಂದ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಖರ್ಚಿಲ್ಲ. ಆದರೆ ತುಂಬಿದ ಬಸ್ಸಿನಲ್ಲಿ ನಿಂತು ಬಂದವಳಿಗೆ ಬಂದ ಕೂಡಲೇ ಮಾತಾಡುವ ಶಕ್ತಿ ಇರುವುದಿಲ್ಲ. ಹಾಗಾಗಿ ಮೊದಲ ಹತ್ತು ನಿಮಿಷ ನೀರು ಕುಡಿದು ಸುಮ್ಮನೆ ಕೂರುವುದು, ನಂತರ 35 ನಿಮಿಷ ಕೆಲಸ, ಕೊನೆಗೆ ಐದು ನಿಮಿಷ ಮುಂದಿನ ಭೇಟಿಯ ವಿವರವನ್ನು ಚೀಟಿಯಲ್ಲಿ ಬರೆದುಕೊಡುವುದು. ಟ್ಯೂಬ್‌ಲೈಟ್ ಆರಿಸಿ ಕಿಟಕಿಯ ಬೆಳಕು. ಫ್ಯಾನ್ ಒಂದೇ ವೇಗದಲ್ಲಿ. ಕುರ್ಚಿಗಳು ಓರೆಯಾಗಿ, ಇಬ್ಬರಿಗೂ ಬಾಗಿಲು ಕಾಣುವಂತೆ; ಚಿಲಕ ಹಾಕುವುದಿಲ್ಲ. ಮೇಜಿನ ಮೇಲೆ ಹಸಿರು, ಹಳದಿ, ಕೆಂಪು ಬಣ್ಣದ ಮೂರು ಕಾರ್ಡು: ಕೆಂಪು ಮುಟ್ಟಿದರೆ ಪ್ರಶ್ನೆ ನಿಲ್ಲುತ್ತದೆ, ಕಾರಣ ಕೇಳುವುದಿಲ್ಲ. ಮಾತು ಬಾರದಿದ್ದರೆ ಫೋನಿನಲ್ಲಿ ಟೈಪ್ ಮಾಡಿ ತೋರಿಸಬಹುದು. ಪ್ರಶ್ನೆ ಕೇಳಿದ ಮೇಲೆ ಹದಿನೈದು ಸೆಕೆಂಡ್ ಕಾಯಬೇಕು. ನಮ್ಮ ಕಡೆಯ ಮಾತಿನ ಲಯಕ್ಕೆ ಇದು ಬಹಳ ಉದ್ದ ಅನ್ನಿಸುತ್ತದೆ. ಮೂರನೇ ಸೆಕೆಂಡಿಗೇ ಪ್ರಶ್ನೆಯನ್ನು ಬೇರೆ ಮಾತಲ್ಲಿ ಮತ್ತೆ ಕೇಳುವ ಚಟ ನಮಗಿದೆ. ಆಕೆಗೆ ಅದು ಎರಡನೇ ಹೊಸ ಪ್ರಶ್ನೆ. ಮೊದಲನೆಯದು ಅಲ್ಲೇ ಕಳೆದುಹೋಗುತ್ತದೆ.

ಭೇಟಿಗೆ ಎರಡು ದಿನ ಮೊದಲು ವಾಟ್ಸಾಪ್‌ನಲ್ಲಿ ಕಟ್ಟಡದ ಫೋಟೊ, ಯಾವ ಬಾಗಿಲು, ಯಾರು ಇರುತ್ತಾರೆ, ಏನೇನು ಮಾತಾಡುವುದು ಎಂಬ ಮೂರು ಸಾಲು ಹೋಗುತ್ತಿತ್ತು. ಆಕೆ ಇದ್ದದ್ದು ಐದು ಜನರ ಬಾಡಿಗೆ ರೂಮಿನಲ್ಲಿ. ಹಾಗಾಗಿ ‘ಕೌನ್ಸೆಲಿಂಗ್’ ಎಂಬ ಪದ ಸಂದೇಶದಲ್ಲಿ ಬರಬಾರದು, ನಂಬರನ್ನು ಯಾವ ಹೆಸರಲ್ಲಿ ಉಳಿಸಿಕೊಳ್ಳಬೇಕು, ಎಷ್ಟು ಹೊತ್ತಿಗೆ ಸಂದೇಶ ಅಳಿದುಹೋಗಬೇಕು ಎಂಬುದನ್ನೆಲ್ಲ ಆಕೆಯೇ ತೀರ್ಮಾನಿಸಿದಳು. ಹೇಗೆ ಕರೆಯಬೇಕು ಎಂದೂ ಕೇಳಲಾಯಿತು. ಬರೀ ಹೆಸರು ಸಾಕು, ನೀವು ಎನ್ನಿ. ಅಮ್ಮ, ತಂಗಿ ಬೇಡ ಎಂದಳು.

ಆಘಾತದ ವಿಷಯ ಮೊದಲ ಮೂರು ಭೇಟಿಯಲ್ಲಿ ತೆಗೆಯಲಿಲ್ಲ. ಒಂದನ್ನು ಮಾತ್ರ ಮೊದಲೇ, ನೇರವಾಗಿ ಕೇಳಲೇಬೇಕಿತ್ತು: ‘ಈ ಎರಡು ವಾರದಲ್ಲಿ ಸಾಯಬೇಕು ಎಂದು ಯೋಚನೆ ಬಂದಿದೆಯಾ? ಹೇಗೆ ಎಂದು ಯೋಚಿಸಿದ್ದೀರಾ?’ ‘ಬದುಕು ಸಾಕು ಅನ್ನಿಸಿದೆಯಾ’ ಎಂದು ಸುತ್ತಿ ಬಳಸಿ ಕೇಳಿದರೆ ಆಟಿಸಂ ಇರುವವರು ಅಕ್ಷರಶಃ ಉತ್ತರಿಸಬಹುದು, ಅಪಾಯ ನಮ್ಮ ಗಮನಕ್ಕೆ ಬಾರದೇ ಹೋಗುತ್ತದೆ. ಯೋಚನೆ ಬರುತ್ತದೆ, ಯೋಜನೆ ಇಲ್ಲ ಎಂದಳು. ಸುರಕ್ಷತಾ ಯೋಜನೆಯನ್ನು ಒಂದು ಪುಟದಲ್ಲಿ ಬರೆಯಲಾಯಿತು: ಮುನ್ಸೂಚನೆ ಯಾವುದು, ಒಬ್ಬಳೇ ಮಾಡಬಹುದಾದ್ದು ಏನು, ಯಾರ ಬಳಿ ಹೋಗಬಹುದು. ಜೊತೆಗೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್ 14416, ತುರ್ತಿಗೆ 112. ರೂಮಿನಲ್ಲಿದ್ದ ಹಳೆಯ ನಿದ್ದೆ ಮಾತ್ರೆಗಳನ್ನು ಆಕೆ ತಾನಾಗಿಯೇ ತಂದುಕೊಟ್ಟಳು.

ಯಾವುದು ಆಟಿಸಂ, ಯಾವುದು ಆಘಾತ

ಈ ಪ್ರಕರಣದ ಕಷ್ಟವೆಲ್ಲ ಇಲ್ಲಿದೆ. ಕಣ್ಣು ತಪ್ಪಿಸುವುದು, ಸದ್ದಿಗೆ ಬೆಚ್ಚುವುದು, ಜನರಿಂದ ದೂರವಿರುವುದು, ಭಾವನೆ ಹೇಳಲಾಗದಿರುವುದು, ನಿದ್ದೆ ಕೆಡುವುದು, ಇವೆಲ್ಲ ಎರಡರಲ್ಲೂ ಇರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಾದ ಐಸಿಡಿ-11ರಲ್ಲಿ ಸಂಕೀರ್ಣ ಆಘಾತೋತ್ತರ ಒತ್ತಡಕ್ಕೆ ಮೂರು ಮೂಲ ಲಕ್ಷಣಗಳಿವೆ: ಆದದ್ದು ಈಗಲೇ ನಡೆಯುತ್ತಿದೆ ಎಂಬಂತೆ ಮರುಕಳಿಸುವುದು, ನೆನಪಿಸುವುದನ್ನೆಲ್ಲ ತಪ್ಪಿಸುವುದು, ಸದಾ ಅಪಾಯದ ಭಾವ. ಇವುಗಳ ಜೊತೆಗೆ ಇನ್ನು ಮೂರು: ಭಾವನೆಗಳ ಮೇಲೆ ಹಿಡಿತ ತಪ್ಪುವುದು, ತನ್ನ ಬಗ್ಗೆ ಕೀಳು ಭಾವ, ಸಂಬಂಧಗಳಲ್ಲಿ ತೊಡಕು. ಈ ಕೊನೆಯ ಮೂರು ಆಟಿಸಂನ ಜೊತೆ ಸುಲಭವಾಗಿ ಬೆರೆತುಹೋಗುತ್ತವೆ. ಆದ್ದರಿಂದ ನಿರ್ಣಯಕ್ಕೆ ಮೊದಲ ಮೂರನ್ನೇ ಗಟ್ಟಿಯಾಗಿ ಹಿಡಿಯಬೇಕು.

ಎರಡು ವಾರ ಒಂದು ಪುಸ್ತಕದಲ್ಲಿ ಬರೆದಿಡಲು ಹೇಳಲಾಯಿತು. ಕಷ್ಟವಾದ ಹೊತ್ತು, ಅದಕ್ಕೆ ಮೊದಲು ಎರಡು ಗಂಟೆಯಲ್ಲಿ ಏನಿತ್ತು, ಮೈಯಲ್ಲಿ ಏನಾಯಿತು, ಎಷ್ಟು ಹೊತ್ತಿಗೆ ಸರಿಹೋಯಿತು, ನಡುವಿನದು ನೆನಪಿದೆಯೇ. ಬರಹ ಓದಿದಾಗ ಎರಡು ಬಗೆಯ ಘಟನೆಗಳು ಬೇರೆಬೇರೆಯಾಗಿ ಕಂಡವು. ಒಂದು ಬಗೆಯದು ಸದ್ದು, ಬೆಳಕು, ಬದಲಾವಣೆ ಗುಡ್ಡೆಯಾಗಿ ಬಂದದ್ದು: ಆಕೆಗೆ ಎಲ್ಲ ಗೊತ್ತಾಗುತ್ತಿರುತ್ತದೆ, ಮಾತು ಮಾತ್ರ ನಿಂತುಹೋಗುತ್ತದೆ, ಕತ್ತಲೆಯ ಮೌನದಲ್ಲಿ ನಿಧಾನವಾಗಿ ಮರಳುತ್ತದೆ. ಇದು ಆಟಿಸಂನ ‘ಶಟ್‌ಡೌನ್’. ಇನ್ನೊಂದು ಬಗೆಯದಕ್ಕೆ ಒಂದು ನಿರ್ದಿಷ್ಟ ಕಿಡಿ ಇರುತ್ತಿತ್ತು, ಹೊಗೆ ಅಥವಾ ಹಿಂದಿನಿಂದ ಬಿದ್ದ ಕೈ: ತಾನು ದೂರ ನಿಂತು ನೋಡುತ್ತಿರುವಂತೆ, ಸಮಯದ ತುಂಡೊಂದು ನೆನಪಿನಿಂದಲೇ ಕಾಣೆ. ಇದು ಆಘಾತದ್ದು. ಕಾರ್ಖಾನೆಯ ಆ ಮಧ್ಯಾಹ್ನ ಎರಡೂ ಒಂದರ ಮೇಲೊಂದು ಬಂದಿದ್ದವು. ‘ಅವ್ರು ಹಿಂದಿನಿಂದ ಬಂದ್ರಿ. ಆಮ್ಯಾಲೆ ಮಾತು ಬರ್ಲಿಲ್ರಿ’ ಎಂದು ಆಕೆ ಬರೆದಿದ್ದಳು. ಮೇಜು ಸರಿಸಿದ್ದು ಯಾರಿಗೂ ನೆನಪಿರಲಿಲ್ಲ, ಪುಸ್ತಕದಿಂದಲೇ ಹೊರಬಂತು.

ಹೀಗೆ ಬೇರ್ಪಡಿಸುವುದು ಯಾಕೆ ಮುಖ್ಯ? ಚಿಕಿತ್ಸೆ ಬೇರೆಯಾಗುತ್ತದೆ. ಹಿಂದಿನಿಂದ ಬರುವ ಕೈಯ ಭಯ ಸರಿಯಾದ ಕೆಲಸದಿಂದ ಕಡಿಮೆಯಾಗುತ್ತದೆ. ಮಿಟುಕುವ ಟ್ಯೂಬ್‌ಲೈಟಿನ ಹಿಂಸೆ ಎಷ್ಟು ದಿನ ಅದರ ಕೆಳಗೆ ಕೂರಿಸಿದರೂ ಕಡಿಮೆಯಾಗುವುದಿಲ್ಲ. ‘ಅಭ್ಯಾಸ ಮಾಡಿಸೋಣ’ ಎಂದು ಅದಕ್ಕೆ ಮತ್ತೆ ಮತ್ತೆ ಒಡ್ಡುವುದು ಹಿಂಸೆಯೇ. ಅಲ್ಲಿ ಬದಲಾಗಬೇಕಾದ್ದು ಬೆಳಕು.

ಇದರ ಜೊತೆ ಇನ್ನೊಂದಿತ್ತು, ಸುಲಭಕ್ಕೆ ಕಣ್ಣಿಗೆ ಬೀಳದ್ದು. ದಿನವಿಡೀ ಆಕೆ ಮೂರು ಮುಖವಾಡ ಹೊತ್ತಿದ್ದಳು. ಗೆಳತಿಯ ಜೊತೆಗಿನ ಪ್ರೀತಿ ಯಾರಿಗೂ ಕಾಣಬಾರದು. ಬೆರಳಾಡಿಸುವುದು, ಕಣ್ಣು ತಪ್ಪಿಸುವುದು ಕಾಣಬಾರದು. ಊರಿನ ಮಾತು ಬಾಯಿಗೆ ಬಂದರೆ ಲೈನಿನಲ್ಲಿ ಅಣಕಿಸುತ್ತಾರೆಂದು ‘ಅದ, ಬರ್ತದ’ಗಳನ್ನು ನುಂಗಿ ಮಂಡ್ಯದ ಮಾತನ್ನು ಕಲಿತು ಆಡುತ್ತಿದ್ದಳು. ಸಂಜೆ ಆರಕ್ಕೆ ರೂಮಿಗೆ ಬಂದು ಊಟವನ್ನೂ ಮಾಡದೆ ಗೋಡೆಗೆ ಮುಖ ಮಾಡಿ ಮಲಗುವುದನ್ನು ಖಿನ್ನತೆ ಎಂದಷ್ಟೇ ಬರೆದುಕೊಂಡರೆ ಅರ್ಧ ಸತ್ಯ. ಅದು ಮುಖವಾಡಗಳ ದಣಿವು. ಕೋಣೆಯೊಳಗೆ ಮೂರನ್ನೂ ಇಳಿಸಿಡಬಹುದು ಎಂದು ಹೇಳಿದರೆ ಸಾಲದು. ಇಳಿಸಿದಾಗ ಎದುರಿನವರ ಮುಖ ಬದಲಾಗಬಾರದು. ಆಪ್ತಸಮಾಲೋಚಕರು ಯಾದಗಿರಿ ಮಾತನ್ನು ತಾವು ಅನುಕರಿಸಲು ಹೋಗಲಿಲ್ಲ. ಅರ್ಥವಾಗದ್ದನ್ನು ಕೇಳಿ ತಿಳಿದುಕೊಂಡರು, ಅಷ್ಟೇ. ಆಕೆಗೆ ತನ್ನನ್ನು ಕರೆದುಕೊಳ್ಳಲು ಯಾವ ಹಣೆಪಟ್ಟಿಯೂ ಬೇಕಿರಲಿಲ್ಲ. ‘ಆಕಿ ನನ್ನ ಗೆಳತಿರಿ’ ಎಂದಳು. ದಾಖಲೆಯಲ್ಲೂ ಅದನ್ನೇ ಬರೆಯಲಾಯಿತು.

ಯಾಕೆ ಹೀಗಾಯಿತು, ಬಾಲ್ಯದ ಆಘಾತದಿಂದ ಈ ಒಲವು ಬಂತೇ ಎಂದು ಹುಡುಕುವ ಪ್ರಶ್ನೆ ಈ ಕೆಲಸದಲ್ಲಿ ಎಲ್ಲಿಯೂ ಬರುವುದಿಲ್ಲ. 1990ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಸಲಿಂಗ ಒಲವನ್ನು ರೋಗಗಳ ಪಟ್ಟಿಯಿಂದ ತೆಗೆದಿದೆ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವನ್ನು ಅಪರಾಧದಿಂದ ಹೊರಗಿಟ್ಟಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 3ನೇ ಕಲಂ ಪ್ರಕಾರ ಸಮಾಜದ ನೈತಿಕ, ಸಾಂಸ್ಕೃತಿಕ ಮೌಲ್ಯಗಳಿಗೆ ಹೊಂದಲಿಲ್ಲ ಎಂಬ ಕಾರಣಕ್ಕೆ ಯಾರನ್ನೂ ಮಾನಸಿಕ ರೋಗಿ ಎನ್ನುವಂತಿಲ್ಲ. ಒಲವು ಬದಲಿಸುವ ‘ಚಿಕಿತ್ಸೆ’ಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ವೃತ್ತಿ ದುರ್ನಡತೆ ಎಂದು ಹೇಳಿದೆ. ಈ ನಾಲ್ಕನ್ನೂ ಆಕೆಗೆ ಸರಳ ಕನ್ನಡದಲ್ಲಿ ಬರೆದುಕೊಡಲಾಯಿತು. ಎರಡು ಸಲ ಓದಿ, ಮಡಿಸಿ, ಐಡಿ ಕಾರ್ಡಿನ ಹಿಂದೆ ಇಟ್ಟುಕೊಂಡಳು.

ಪರೀಕ್ಷೆ ಮತ್ತು ಪ್ರಮಾಣಪತ್ರದ ತೊಡಕು

ವಯಸ್ಕರಲ್ಲಿ ಆಟಿಸಂ ಗುರುತಿಸಲು ಬಾಲ್ಯದ ವಿವರ ಬೇಕು, ಸಾಮಾನ್ಯವಾಗಿ ತಂದೆ ತಾಯಿಯನ್ನು ಕೇಳುತ್ತಾರೆ. ಇಲ್ಲಿ ತಂದೆ ತಾಯಿಗೆ ಫೋನ್ ಮಾಡುವುದೆಂದರೆ ಆಕೆ ಎಲ್ಲಿದ್ದಾಳೆಂದು ತಿಳಿಸಿದಂತೆ. ಬದಲಿಗೆ ಶಾಲೆಯ ಅಂಕಪಟ್ಟಿಯಲ್ಲಿ ಮಾಸ್ತರರು ಬರೆದ ಷರಾ, ಆಕೆಯೇ ಆರಿಸಿದ ಬಾಲ್ಯದ ಗೆಳತಿಯೊಬ್ಬಳ ನೆನಪು, ಆಕೆಯ ಸ್ವಂತ ನೆನಪುಗಳನ್ನು ಆಧಾರ ಮಾಡಿಕೊಳ್ಳಲಾಯಿತು. ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ತಪಾಸಣೆಗೆ ಹೋಗಬಹುದು ಎಂದು ತಿಳಿಸಲಾಯಿತು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಆಟಿಸಂ ಇದೆ. ಪ್ರಮಾಣಪತ್ರ ಸಿಕ್ಕರೆ ಕೆಲಸದ ಜಾಗದಲ್ಲಿ ಅನುಕೂಲ ಕೇಳಲು ಬಲ ಬರುತ್ತದೆ. ಆದರೆ ಇನ್ನೊಂದು ಮಗ್ಗುಲನ್ನು ಬಹಳ ಮಂದಿ ಹೇಳುವುದೇ ಇಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಆಟಿಸಂ ಇರುವ ವ್ಯಕ್ತಿಗೆ ಕಾನೂನುಬದ್ಧ ಪೋಷಕರನ್ನು (ಗಾರ್ಡಿಯನ್) ನೇಮಿಸಿ ಎಂದು ತಂದೆ ತಾಯಿ ಅಥವಾ ಬಂಧುಗಳು ಸ್ಥಳೀಯ ಸಮಿತಿಗೆ ಅರ್ಜಿ ಹಾಕಬಹುದು. ಅರ್ಜಿ ಹಾಕಿದ ಮಾತ್ರಕ್ಕೆ ಸಿಗುವುದಿಲ್ಲ, ದುಡಿದು ಬದುಕುತ್ತಿರುವ ವಯಸ್ಕಳ ವಿಷಯದಲ್ಲಿ ಸಿಗಲೂಬಾರದು. ಆದರೂ ‘ಅವಳಿಗೆ ಬುದ್ಧಿ ಸಾಲದು, ನಿರ್ಧಾರ ನಮ್ಮದು’ ಎನ್ನುವ ಮನೆಯವರ ಕೈಗೆ ಆ ಕಾಗದ ಹೋದರೆ ಏನಾಗಬಹುದೆಂದು ಆಕೆಗೆ ಮೊದಲೇ ತಿಳಿದಿರಬೇಕು. ಲಾಭ, ಅಪಾಯ ಎರಡನ್ನೂ ಎರಡು ಕಾಲಂನಲ್ಲಿ ಬರೆದುಕೊಟ್ಟಾಗ ಸದ್ಯಕ್ಕೆ ಬೇಡ ಎಂದಳು. ಅದು ಆಕೆಯ ತೀರ್ಮಾನ.

ಕಾರ್ಖಾನೆಗೆ ಹೋದ ಪತ್ರದಲ್ಲಿ ರೋಗದ ಹೆಸರಿಲ್ಲ, ಒಲವಿನ ಸುಳಿವಿಲ್ಲ. ನಾಲ್ಕು ಬೇಡಿಕೆ ಮಾತ್ರ: ಬೆನ್ನು ಗೋಡೆಗಿರುವಂತೆ ಮೇಜು, ಮಾತಾಡಿಸುವವರು ಎದುರಿನಿಂದ ಬರಬೇಕು, ಮುಟ್ಟಬಾರದು, ಜಾಗ ಅಥವಾ ಟಾರ್ಗೆಟ್ ಬದಲಾಗುವುದಿದ್ದರೆ ಹಿಂದಿನ ದಿನವೇ ಚೀಟಿಯಲ್ಲಿ ತಿಳಿಸಬೇಕು. ಜೊತೆಗೆ ಆಕೆ ಫೋಮ್ ಇಯರ್‌ಪ್ಲಗ್ ಹಾಕಿಕೊಳ್ಳಲು ಒಪ್ಪಿಗೆ. ಪತ್ರ ಕಳಿಸುವ ಮೊದಲು ಆಕೆಗೆ ಓದಿ ಹೇಳಿ ಒಪ್ಪಿಗೆ ಪಡೆಯಲಾಯಿತು. ಗೋಪ್ಯತೆ ಆಕೆಯ ಹಕ್ಕು, ಅದೇ 2017ರ ಕಾಯ್ದೆಯ 23ನೇ ಕಲಂ.

ಸಮಾಧಾನದ ಉಪಾಯಗಳು

ಎಲ್ಲ ತರಬೇತಿಯಲ್ಲೂ ಕಲಿಸುವ ‘ಐದು ಕಾಣುವುದು, ನಾಲ್ಕು ಮುಟ್ಟುವುದು, ಮೂರು ಕೇಳುವುದು’ ಎಂಬ ಅಭ್ಯಾಸ ಇಲ್ಲಿ ತಿರುಗುಬಾಣವಾಯಿತು. ಈಗಾಗಲೇ ಸದ್ದು, ಬೆಳಕಿನಿಂದ ತುಂಬಿ ತುಳುಕುವವಳಿಗೆ ಇನ್ನಷ್ಟು ಗಮನಿಸು ಎಂದಂತೆ. ಆಳವಾದ ಉಸಿರಾಟವೂ ಹೊಂದಲಿಲ್ಲ: ಎದೆಬಡಿತದ ಕಡೆ ಗಮನ ಹೋದ ಕೂಡಲೇ ಗಾಬರಿ ಹೆಚ್ಚಿತು. ಮೈಯೊಳಗಿನ ಸಂಜ್ಞೆಗಳನ್ನು ಓದಲು ಕಷ್ಟಪಡುವವರಲ್ಲಿ ಹೀಗಾಗುವುದುಂಟು.

ಹೊಂದಿದ್ದು ಬೇರೆ. ಊರಿನಿಂದ ತಂದಿದ್ದ ಕುರಿ ಉಣ್ಣೆಯ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲೆ ಭಾರವಾಗಿ ಇಟ್ಟುಕೊಳ್ಳುವುದು. ಮುಂಗೈಗೆ ತಣ್ಣೀರು. ಎಲ್ಲಕ್ಕಿಂತ ಹೆಚ್ಚಾಗಿ, ಬಟ್ಟೆಯ ಅಂಚು ಹಿಡಿದು ಇಂಚಿಗೆ ಎಷ್ಟು ಹೊಲಿಗೆ ಎಂದು ಎಣಿಸುವುದು. ಆಕೆಯ ಕಣ್ಣು, ಬೆರಳು ಈ ಎಣಿಕೆಯನ್ನು ನಿದ್ದೆಯಲ್ಲೂ ಮಾಡಬಲ್ಲವು. ಒಂದೇ ಇಂದ್ರಿಯ, ಒಂದೇ ಕೆಲಸ, ತಪ್ಪಿಲ್ಲದ ಉತ್ತರ. ‘ಹೇಗನ್ನಿಸುತ್ತಿದೆ’ ಎಂಬ ಪ್ರಶ್ನೆಯ ಬದಲು ‘ರಾತ್ರಿ ಎಷ್ಟು ಗಂಟೆ ನಿದ್ದೆ, ಎಷ್ಟು ಸಲ ಎದ್ದಿರಿ, ಮಧ್ಯಾಹ್ನ ಡಬ್ಬಿ ಖಾಲಿಯಾಯಿತಾ’ ಎಂದು ಕೇಳಿದಾಗ ಆಕೆಯ ಸ್ಥಿತಿ ಸ್ಪಷ್ಟವಾಗಿ ಸಿಗತೊಡಗಿತು.

ನಿದ್ದೆಗಾಗಿ ಮನೋವೈದ್ಯರ ಅಭಿಪ್ರಾಯ ಬೇಕಾಯಿತು. ತಾಲ್ಲೂಕು ಆಸ್ಪತ್ರೆಯ ‘ಮನೋಚೈತನ್ಯ’ ಕ್ಲಿನಿಕ್ ಮಂಗಳವಾರ. ಆ ದಿನ ರಜೆ ಹಾಕಿದರೆ ಸಂಬಳ ಕಡಿತ. ತಿಂಗಳಿಗೊಮ್ಮೆ ರಜೆ ಪಡೆದು ಹೋಗಲು ದಾರಿ ಮಾಡಲಾಯಿತು. ವೈದ್ಯರು ಖಿನ್ನತೆ, ಆತಂಕಕ್ಕೆ ಕೊಡುವ ಸರ್ಟ್ರಲೀನ್ ಮಾತ್ರೆಯನ್ನು 25 ಮಿ.ಗ್ರಾಂ.ನಿಂದ ನಿಧಾನವಾಗಿ ಶುರುಮಾಡಿದರು. ಆಟಿಸಂ ಇರುವವರಲ್ಲಿ ಅಡ್ಡಪರಿಣಾಮ ಬೇಗ ಕಾಣಬಹುದೆಂಬ ಎಚ್ಚರ ಅದಕ್ಕೆ ಕಾರಣ.

ನೆನಪಿನ ಕೆಲಸ, ಮತ್ತು ನಡುವೆ ಬಂದ ಅಣ್ಣ

ಆಘಾತದ ನೆನಪಿಗೆ ಕೈ ಹಾಕಲು ಮೂರು ಷರತ್ತು ಇಡಲಾಗಿತ್ತು: ವಾರದಲ್ಲಿ ನಾಲ್ಕು ರಾತ್ರಿಯಾದರೂ ಐದು ಗಂಟೆ ನಿದ್ದೆ, ಎರಡು ಸಮಾಧಾನದ ಉಪಾಯಗಳು ಕೈವಶ, ಇರುವ ಜಾಗದಲ್ಲಿ ಸದ್ಯಕ್ಕೆ ಬೆದರಿಕೆ ಇಲ್ಲ. ಒಂಬತ್ತನೇ ಭೇಟಿಗೆ ಮೂರೂ ಕೂಡಿಬಂದವು.

ಬದುಕಿನ ಕಥೆಯನ್ನು ಕ್ರಮವಾಗಿ ಹೇಳಿಸುವ ನಿರೂಪಣಾ ವಿಧಾನದಲ್ಲಿ ನೆಲದ ಮೇಲೆ ಹಗ್ಗ ಹಾಸಿ, ಒಳ್ಳೆಯ ಘಟನೆಗೆ ಹೂ, ಕೆಟ್ಟದ್ದಕ್ಕೆ ಕಲ್ಲು ಇಟ್ಟು ಬದುಕಿನ ರೇಖೆ ಬಿಡಿಸುತ್ತಾರೆ. ಯುದ್ಧ, ವಲಸೆಗಳಿಂದ ನೊಂದವರಿಗಾಗಿ ರೂಪಿಸಿದ ಕ್ರಮ ಇದು. ಹೂವಿನ ವಾಸನೆ ಆಕೆಗೆ ಆಗದು. ಆಕೆಯೇ ಬಿಳಿ, ಕಪ್ಪು ಗುಂಡಿಗಳನ್ನು ತಂದು ದಾರಕ್ಕೆ ಪೋಣಿಸಿದಳು. ಕಪ್ಪು ಗುಂಡಿ ಎಷ್ಟಿದ್ದರೂ ಒಂದು ಭೇಟಿಗೆ ಒಂದೇ. ಅದನ್ನು ಬಾಯಲ್ಲಿ ಹೇಳಬೇಕಿಲ್ಲ, ಬರೆದು ತರಬಹುದು. ಓದುವುದು ಯಾರು ಎಂದೂ ಆಕೆಯೇ ಆರಿಸುತ್ತಿದ್ದಳು. ಆಕೆಯ ಬರಹದಲ್ಲಿ ಕ್ರಮ ಕರಾರುವಾಕ್ಕಾಗಿತ್ತು, ಭಾವನೆಯ ಪದ ಒಂದೂ ಇರಲಿಲ್ಲ. ಇದನ್ನು ‘ಮನಸ್ಸು ತೆರೆಯುತ್ತಿಲ್ಲ’ ಎಂದು ಓದಬಾರದು. ಬೇವಿನ ಬರಲು ಎಷ್ಟು ಉದ್ದವಿತ್ತು, ಯಾವ ಕೈಗೆ ಮೊದಲು ಬಿತ್ತು ಎಂಬ ವಿವರದಲ್ಲೇ ನೋವು ಇತ್ತು.

ನಾಲ್ಕನೇ ತಿಂಗಳು ಅಣ್ಣ, ಸೋದರಮಾವ ಕಾರ್ಖಾನೆಯ ಗೇಟಿಗೆ ಬಂದರು. ನೆನಪಿನ ಕೆಲಸ ಅಂದೇ ನಿಂತಿತು, ಐದು ವಾರ. ಹೊರಗೆ ಅಪಾಯ ನಿಂತಿರುವಾಗ ಹಳೆಯ ಗಾಯ ಬಿಚ್ಚುವುದು ಚಿಕಿತ್ಸೆಯಲ್ಲ. ಆ ಐದು ವಾರ ನಡೆದದ್ದೆಲ್ಲ ಕಾಗದ ಪತ್ರದ ಕೆಲಸ. ಶಿಫ್ಟ್, ವಾಸದ ಜಾಗದ ಮಾಹಿತಿ ಯಾರಿಗೂ ಕೊಡಬಾರದೆಂದು ಆಕೆಯ ಸಹಿ ಇರುವ ಪತ್ರ ಕ್ಷೇಮಾಧಿಕಾರಿಗೆ. ತಾನು ವಯಸ್ಕಳು, ಸ್ವಂತ ಇಚ್ಛೆಯಿಂದ ಇಲ್ಲಿದ್ದೇನೆ ಎಂಬ ಲಿಖಿತ ಹೇಳಿಕೆ ಠಾಣೆಗೆ, ಸ್ವೀಕೃತಿ ಸಹಿತ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ, ಸಹಾಯವಾಣಿ 15100. ಮಹಿಳಾ ಸಹಾಯವಾಣಿ 181. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಗಂಡನ ಮನೆಗೆ ಮಾತ್ರ ಸೀಮಿತವಲ್ಲ, ಹುಟ್ಟಿದ ಮನೆಯ ಹಿಂಸೆಗೂ ಅನ್ವಯಿಸುತ್ತದೆ. ಇದು ಆಕೆಗೆ ಮಾತ್ರವಲ್ಲ, ಆಕೆಯನ್ನು ಮಾತಾಡಿಸಿದ ಹಲವರಿಗೂ ಹೊಸ ವಿಷಯವಾಗಿತ್ತು. ಪ್ರಕರಣ ಹೈಕೋರ್ಟ್‌ವರೆಗೆ ಹೋದರೆ ಏನು ಎಂಬ ಭಯಕ್ಕೆ ವಕೀಲರು 2024ರ ಮಾರ್ಚ್‌ನ ದೇವು ಜಿ. ನಾಯರ್ ತೀರ್ಪನ್ನು ವಿವರಿಸಿದರು. ವ್ಯಕ್ತಿಯನ್ನು ನ್ಯಾಯಾಲಯದ ಮುಂದೆ ಹಾಜರುಪಡಿಸಿ ಎಂದು ಹಾಕುವ ಅರ್ಜಿಗಳಲ್ಲಿ ಆಪ್ತಸಮಾಲೋಚನೆಯ ಹೆಸರಿನಲ್ಲಿ ವ್ಯಕ್ತಿಯ ಒಲವನ್ನು ಬದಲಿಸಲು ನ್ಯಾಯಾಲಯಗಳು ಪ್ರಯತ್ನಿಸಬಾರದೆಂದು ಸುಪ್ರೀಂ ಕೋರ್ಟ್ ಅದರಲ್ಲಿ ಮಾರ್ಗಸೂಚಿ ಕೊಟ್ಟಿದೆ.

‘ಒಮ್ಮೆ ಅಣ್ಣನ ಜೊತೆ ಕೂರಿಸಿ ಮಾತಾಡಿಸೋಣ’ ಎಂಬ ಸಲಹೆ ಕಾರ್ಖಾನೆಯಿಂದ ಬಂತು. ರಾಜಿ ಪಂಚಾಯಿತಿ ನಮ್ಮ ಜನಕ್ಕೆ ಒಗ್ಗಿದ ದಾರಿ. ಆದರೆ ಹೊಡೆದವರು, ಹೊಡೆಸಿಕೊಂಡವರು ಒಂದೇ ಚಾಪೆಯ ಮೇಲೆ ಕೂತು ಮಾಡುವ ರಾಜಿಯಲ್ಲಿ ಯಾರು ಬಾಗುತ್ತಾರೆಂಬುದು ಮೊದಲೇ ತೀರ್ಮಾನವಾಗಿರುತ್ತದೆ. ಸಲಹೆಯನ್ನು ವಿನಯದಿಂದ ತಳ್ಳಿಹಾಕಲಾಯಿತು. ತಾಯಿಯ ಜೊತೆ ಮಾತ್ರ ತಿಂಗಳಿಗೊಮ್ಮೆ, ಬೇರೆ ನಂಬರಿನಿಂದ, ಹತ್ತು ನಿಮಿಷ ಮಾತಾಡಲು ಆಕೆ ತಾನಾಗಿ ಇಷ್ಟಪಟ್ಟಳು. ಕರೆಗೆ ಮೊದಲು ಏನು ಹೇಳಬೇಕು, ಯಾವ ಪ್ರಶ್ನೆ ಬಂದರೆ ಫೋನ್ ಇಡಬೇಕು ಎಂದು ಬರೆದಿಟ್ಟುಕೊಳ್ಳುತ್ತಿದ್ದಳು.

ಆಘಾತದ ಲಕ್ಷಣಗಳನ್ನು ಅಳೆಯುವ ಪಿಸಿಎಲ್-5 ಪಟ್ಟಿಯಲ್ಲಿ 80ಕ್ಕೆ 52 ಇದ್ದ ಅಂಕ 22ನೇ ಭೇಟಿಗೆ 30ಕ್ಕೆ ಇಳಿದಿತ್ತು. 31ರಿಂದ 33 ಅನ್ನು ಸಾಮಾನ್ಯವಾಗಿ ಗಡಿ ಎನ್ನುತ್ತಾರೆ, ಅದಕ್ಕಿಂತ ಮೇಲಿದ್ದರೆ ಆಘಾತೋತ್ತರ ಒತ್ತಡದ ಶಂಕೆ. ಒಟ್ಟು ಅಂಕವನ್ನಷ್ಟೇ ನೋಡಿದರೆ ಮೋಸಹೋಗುತ್ತೇವೆ. ದುಃಸ್ವಪ್ನ, ಮರುಕಳಿಸುವ ನೆನಪಿನ ಅಂಕಗಳು ಚೆನ್ನಾಗಿ ಇಳಿದಿದ್ದವು. ಸದ್ದಿಗೆ ಬೆಚ್ಚುವುದು, ಜನರಿಂದ ದೂರವೆನಿಸುವುದು ಹಾಗೇ ಇದ್ದವು. ಈ ಉಳಿಕೆಯಲ್ಲಿ ಬಹುಪಾಲು ಆಟಿಸಂನದು. ಅದನ್ನು ಸೊನ್ನೆಗೆ ಇಳಿಸುವ ಗುರಿ ಇಟ್ಟುಕೊಳ್ಳಲಿಲ್ಲ.

ಈಗ ಭೇಟಿ ತಿಂಗಳಿಗೊಮ್ಮೆ. ಹೆಚ್ಚು ಎಚ್ಚರ ಬೇಕಾದದ್ದು ಹಬ್ಬಗಳಲ್ಲಿ. ಯುಗಾದಿ, ದೀಪಾವಳಿಗೆ ಕಾರ್ಖಾನೆ ಮುಚ್ಚುತ್ತದೆ, ರೂಮಿನವರೆಲ್ಲ ಊರಿಗೆ ಹೋಗುತ್ತಾರೆ, ಆಕೆ ಒಬ್ಬಳೇ ಉಳಿಯುತ್ತಾಳೆ. ಊರಿನ ಒತ್ತಾಯದ ಕರೆಗಳೂ ಆಗಲೇ ಬರುವುದು. ಆ ದಿನಗಳಿಗೆ ಗೆಳತಿಯ ಜೊತೆ ಎಲ್ಲಿ ಇರುವುದು, ಯಾವ ಹೊತ್ತಿಗೆ ಆಪ್ತಸಮಾಲೋಚಕರಿಗೆ ಒಂದು ಸಂದೇಶ ಹಾಕುವುದು ಎಂದು ತಿಂಗಳು ಮೊದಲೇ ಬರೆದುಕೊಳ್ಳಲಾಗುತ್ತದೆ. ದಸರಾ ಸಮಯದಲ್ಲಿ ಮೈಸೂರಿನ ದೀಪಾಲಂಕಾರ, ಜನಸಂದಣಿ, ತುಂಬಿದ ಬಸ್ಸು ಆಕೆಗೆ ಆಗದು. ಹಾಗಾಗಿ ಆ ತಿಂಗಳ ಭೇಟಿ ಮಂಡ್ಯದಲ್ಲೇ, ಬೆಳಗ್ಗೆ ಎಂಟಕ್ಕೆ.